ಲಿವರ್ ಬಾಯಿ ಬಿಡದಿದ್ದರೂ ರಕ್ತ ಹೇಳುತ್ತದೆ

2018ರ ಡಿಸೆಂಬರ್‌ನಲ್ಲಿ ತುಮಕೂರು ಜಿಲ್ಲೆಯ ಟೀ ಅಂಗಡಿ, ಬಸ್ ನಿಲ್ದಾಣಗಳಲ್ಲೆಲ್ಲ ಪಿತ್ತನಾಳದ್ದೇ ಮಾತು. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಪಿತ್ತನಾಳಕ್ಕೆ ಅದಕ್ಕೂ ಮುಂಚೆಯೇ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದ್ದರು. ಮತ್ತೆ ಸೋಂಕು ಕಾಣಿಸಿಕೊಂಡಾಗ ಚೆನ್ನೈನ ರೇಲಾ ಆಸ್ಪತ್ರೆಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು. ದಿನಾ ಬೆಳಗ್ಗೆ ಪತ್ರಿಕೆ ಬಿಚ್ಚಿದವರು ಮೊದಲು ನೋಡುತ್ತಿದ್ದುದೇ ಆಸ್ಪತ್ರೆಯ ಪ್ರಕಟಣೆ. 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಸ್ವಾಮೀಜಿ ಲಿಂಗೈಕ್ಯರಾದರು. ಅಷ್ಟರೊಳಗೆ ಪಿತ್ತ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹರಿಯುತ್ತದೆ, ಅದು ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ಶಾಲೆಯ ಮೆಟ್ಟಿಲು ಹತ್ತದವರಿಗೂ ತಕ್ಕಮಟ್ಟಿಗೆ ಗೊತ್ತಾಗಿತ್ತು.

ಪಿತ್ತನಾಳ ಕಟ್ಟಿಕೊಂಡು ಸೋಂಕಾದರೆ ದೇಹ ಸುಮ್ಮನಿರುವುದಿಲ್ಲ. ಚಳಿಜ್ವರ ಬರುತ್ತದೆ, ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ. ಲಿವರ್‌ನ ಒಳಗೇ ಹತ್ತಿಪ್ಪತ್ತು ವರ್ಷ ನಿಧಾನವಾಗಿ ನಡೆಯುವ ಕೇಡಿನ ಸ್ವಭಾವ ಬೇರೆ. ಅದು ನೋಯುವುದಿಲ್ಲ, ಊಟ ಬಿಡಿಸುವುದಿಲ್ಲ, ಕೆಲಸ ತಪ್ಪಿಸುವುದಿಲ್ಲ. ಒಂದು ದಿನ ಪಂಚೆ ಸೊಂಟಕ್ಕೆ ಬಿಗಿಯಾಗುತ್ತದೆ, ಕಾಲು ಊದುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ರಕ್ತ ವಾಂತಿಯಾಗುತ್ತದೆ. ‘ಹೊಟ್ಟೆಯಲ್ಲಿ ನೀರು ತುಂಬಿಕೊಂಡಿದೆಯಂತೆ, ಲಿವರ್ ಹೋಗಿದೆಯಂತೆ’ ಎಂಬ ಮಾತು ಊರಲ್ಲಿ ಹಬ್ಬುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕಥೆ ಮುಗಿದಿರುತ್ತದೆ.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಶುಕ್ರವಾರ ಹೋದವರಿಗೆ ಮಹಾಲಕ್ಷ್ಮಿಯ ಸಾಲಿನಲ್ಲಿ ಸಿಗುವ ಹರಕೆಗಳಲ್ಲಿ ಮದುವೆ, ಮಕ್ಕಳು, ಸಾಲ ಇವುಗಳ ಜತೆಗೆ ಕಾಯಿಲೆಯೂ ಇರುತ್ತದೆ. ಕಮಲಮ್ಮನವರ ಸೇವೆಯಿಂದ ಹೆಸರಾದ ಈ ಕ್ಷೇತ್ರಕ್ಕೆ ಮಧುಗಿರಿ, ಶಿರಾ, ಪಾವಗಡದ ಕಡೆಯಿಂದಲೂ ಜನ ಬರುತ್ತಾರೆ. ಹತ್ತಿರದಲ್ಲೇ ತೀತಾ ಜಲಾಶಯ, ಅದೇ ತಾಲ್ಲೂಕಿನಲ್ಲಿ ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟ. ಈ ಸೀಮೆಯಲ್ಲಿ ಕಾಮಾಲೆ ಎಂದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಬೇರುಸಮೇತ ಕಿತ್ತು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಬರಿಹೊಟ್ಟೆಗೆ ಕೊಡುತ್ತಾರೆ. ಉಪ್ಪು, ಖಾರ, ಎಣ್ಣೆ ಬಿಡಬೇಕು. ವಾರ ಎರಡು ವಾರದಲ್ಲಿ ಕಣ್ಣು ತಿಳಿಯಾಗುತ್ತದೆ.

ಈ ಗಿಡವನ್ನು ನೊಬೆಲ್ ಪಡೆದವರೂ ಕೈಗೆತ್ತಿಕೊಂಡಿದ್ದರು. ಹೆಪಟೈಟಿಸ್-ಬಿ ವೈರಸ್ಸಿನ ಸುಳಿವು ಹಿಡಿದು 1976ರಲ್ಲಿ ನೊಬೆಲ್ ಗಳಿಸಿದ ಬರೂಕ್ ಬ್ಲೂಂಬರ್ಗ್, ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಜತೆ ಸೇರಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ವೈರಸ್ ಹೊತ್ತವರಲ್ಲಿ ನೆಲನೆಲ್ಲಿ ಪುಡಿ ತಿಂದ 37 ಮಂದಿಯ ಪೈಕಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಔಷಧ ತಿಂದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಜಗತ್ತು ಕಿವಿ ನಿಮಿರಿಸಿತು. ಆದರೆ ಮುಂದಿನ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಹಾಗಾದರೆ ಹಳ್ಳಿಯಲ್ಲಿ ಕಣ್ಣು ತಿಳಿಯಾಗುವುದು ಹೇಗೆ? ಕೊಳೆ ನೀರಿನಿಂದ ಬರುವ ಹೆಪಟೈಟಿಸ್-ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಆ ವಾರಗಳಲ್ಲಿ ಏನು ಕೊಟ್ಟರೂ ಹೆಸರು ಅದಕ್ಕೇ. ತೊಂದರೆ ಇರುವುದು ಇನ್ನೊಂದು ಬಗೆಯಲ್ಲಿ: ಕಣ್ಣು ಹಳದಿಯಾಗದೆಯೇ ಒಳಗೊಳಗೆ ಕೊರೆಯುವ ಕಾಯಿಲೆಯಲ್ಲಿ ನೆಲನೆಲ್ಲಿಗೆ ಹೋಗಬೇಕೆಂಬ ಯೋಚನೆಯೂ ಯಾರಿಗೂ ಬರುವುದಿಲ್ಲ.

ಹೀಗೆ ಕೊರೆಯುವ ಕಾರಣಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಸವೇನಲ್ಲ. ಮೊದಲನೆಯದು ಕುಡಿತ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಗಿ ಆ ಜಾಗಕ್ಕೆ ಅಗ್ಗದ ವಿಸ್ಕಿಯ ‘ನೈಂಟಿ’, ‘ಕ್ವಾರ್ಟರ್’ ಬಂದವು. ಲಿವರ್‌ಗೆ ಲೇಬಲ್ ಓದಲು ಬಾರದು, ಅದಕ್ಕೆ ಲೆಕ್ಕ ಆಲ್ಕೋಹಾಲ್ ಎಷ್ಟು ಗ್ರಾಂ ಎಂಬುದಷ್ಟೇ. ಎರಡನೆಯದು ವೈರಸ್: ಹೆಪಟೈಟಿಸ್-ಬಿ ಮತ್ತು ಸಿ. ಹುಟ್ಟಿದ ಮಗುವಿಗೆ ಕೊಡುವ ಬಿ ಲಸಿಕೆ ಸರ್ಕಾರಿ ಪಟ್ಟಿಗೆ ಪೂರ್ತಿಯಾಗಿ ಸೇರಿದ್ದು ಈ ಶತಮಾನದಲ್ಲಿ, ಹಾಗಾಗಿ ನಡುವಯಸ್ಸಿನವರಿಗೆ ಆ ರಕ್ಷಣೆ ಇಲ್ಲ. ಮೂರನೆಯದು ಫ್ಯಾಟಿ ಲಿವರ್. ಸಕ್ಕರೆ ಕಾಯಿಲೆ, ಹೊಟ್ಟೆ ಬೊಜ್ಜು ಇದ್ದವರಲ್ಲಿ ಇದು ಸಾಮಾನ್ಯ; ತೂಕ ಹೆಚ್ಚಿಲ್ಲದವರಿಗೂ ನಮ್ಮಲ್ಲಿ ಬರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ಬಿಪಿ, ಶುಗರ್‌ಗಳ ಸಾಲಿನಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಕಡಲೆಕಾಯಿ ಬೆಳೆಯುವ ಪಾವಗಡ, ಶಿರಾ, ಮಧುಗಿರಿಗೆ ನಾಲ್ಕನೆಯ ಮಾತೊಂದನ್ನು ಸೇರಿಸಲೇಬೇಕು. ಕಾಯಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡಿಕೊಳ್ಳಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಮರಿಗಳು ಸತ್ತು, ಅವು ತಿಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. 1974ರಲ್ಲಿ ಪಶ್ಚಿಮ ಭಾರತದ ಗುಡ್ಡಗಾಡು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ತೀರಿಕೊಂಡರು. ಹೆಪಟೈಟಿಸ್-ಬಿ ಇದ್ದವರ ಹೊಟ್ಟೆಗೆ ಈ ವಿಷವೂ ಸೇರುತ್ತಿದ್ದರೆ ಲಿವರ್ ಕ್ಯಾನ್ಸರಿನ ಅಪಾಯ ಕೂಡುವುದಲ್ಲ, ಗುಣಿಸುತ್ತದೆ.

ಕಾರಣ ಯಾವುದೇ ಇರಲಿ, ಒಳಗೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಗಾಯ, ರಿಪೇರಿ, ಮತ್ತೆ ಗಾಯ, ಮತ್ತೆ ರಿಪೇರಿ. ಈ ರಿಪೇರಿಯ ಆಜ್ಞೆಗಳನ್ನು ಹೊತ್ತೊಯ್ಯುವ ಪ್ರೋಟೀನುಗಳಿಗೇ ಗ್ರೋತ್ ಫ್ಯಾಕ್ಟರ್ ಎಂದು ಹೆಸರು.

ಲಿವರ್ ಮತ್ತೆ ಬೆಳೆಯುತ್ತದೆ ಎಂಬುದು ಹಳೆಯ ಸುದ್ದಿ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ಅಮೆರಿಕದ ಇಬ್ಬರು ಇಲಿಯ ಲಿವರ್‌ನ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದರು. ವಾರ ಹತ್ತು ದಿನದಲ್ಲಿ ಉಳಿದ ಭಾಗ ಹಿಗ್ಗಿ ಮೊದಲಿನ ತೂಕಕ್ಕೆ ಬಂತು. ಇಂದು ಮಗನಿಗೋ ಗಂಡನಿಗೋ ಲಿವರ್‌ನ ಅರ್ಧ ದಾನ ಮಾಡುವವರು ನಂಬಿರುವುದೂ ಈ ಗುಣವನ್ನೇ. ಆದರೆ ‘ಬೆಳೆ’ ಎಂದು ಹೇಳುವವರು ಯಾರು? 1967ರಲ್ಲಿ ಮೂಲ್ಟೆನ್ ಮತ್ತು ನ್ಯಾನ್ಸಿ ಬುಚರ್ ಎರಡು ಇಲಿಗಳ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದರು. ಒಂದರ ಲಿವರ್ ಕತ್ತರಿಸಿದರು, ಇನ್ನೊಂದನ್ನು ಮುಟ್ಟಲಿಲ್ಲ. ಮುಟ್ಟದ ಇಲಿಯ ಲಿವರ್ ಕೋಶಗಳೂ ವಿಭಜನೆಗೆ ಸಜ್ಜಾದವು! ಅಂದರೆ ಆಜ್ಞೆ ರಕ್ತದಲ್ಲೇ ಹರಿದು ಬಂದಿತ್ತು. ಅದರ ಹೆಸರು ಹಿಡಿಯಲು ಇನ್ನೂ ಹದಿನೇಳು ವರ್ಷ ಬೇಕಾಯಿತು. 1984ರಲ್ಲಿ ಜಪಾನಿನ ತೋಷಿಕಾಜು ನಾಕಮುರಾ ತಂಡ ಲಿವರ್ ಕತ್ತರಿಸಿದ ಇಲಿಯ ಸೀರಮ್ಮಿನಿಂದ ಒಂದು ಪ್ರೋಟೀನನ್ನು ಹೊರತೆಗೆಯಿತು. ಅದೇ ಹೆಪಟೋಸೈಟ್ ಗ್ರೋತ್ ಫ್ಯಾಕ್ಟರ್, ಎಚ್‌ಜಿಎಫ್. ಅದೇ ದಶಕದಲ್ಲಿ ಜಪಾನಿನದೇ ಇನ್ನೊಂದು ತಂಡ ಲಿವರ್ ಹಠಾತ್ತನೆ ಕೈಕೊಟ್ಟ ರೋಗಿಗಳ ಪ್ಲಾಸ್ಮಾದಿಂದ ಮನುಷ್ಯರ ಎಚ್‌ಜಿಎಫ್ ಶುದ್ಧಗೊಳಿಸಿತು. ಅಲ್ಲಿ ಅದು ಅಷ್ಟು ಧಾರಾಳವಾಗಿತ್ತು.

ಅಲ್ಲಿಂದ ಒಂದು ಆಸೆ ಹುಟ್ಟಿತು. ಹೊಟ್ಟೆಗೆ ಸೂಜಿ ಚುಚ್ಚಿ ಲಿವರ್ ಚೂರು ತೆಗೆಯುವ ಬಯಾಪ್ಸಿಯ ಬದಲು, ತೋಳಿನಿಂದ ನಾಲ್ಕು ಎಂಎಲ್ ರಕ್ತ ತೆಗೆದು ಈ ಪ್ರೋಟೀನುಗಳನ್ನು ಅಳೆದರೆ ಕಾಯಿಲೆ ಎಲ್ಲಿಗೆ ಬಂದಿದೆ ಎಂದು ಹೇಳಬಹುದಲ್ಲ? ಬಯಾಪ್ಸಿಗೂ ದೋಷವಿದೆ: ಸೂಜಿಗೆ ಸಿಗುವುದು ಇಡೀ ಲಿವರ್‌ನ ಸುಮಾರು ಐವತ್ತು ಸಾವಿರದ ಒಂದು ಪಾಲು. ಪಕ್ಕದ ಇಂಚಿನಲ್ಲಿ ಬೇರೆಯದೇ ಚಿತ್ರ ಇರಬಹುದು. ರಕ್ತವಾದರೋ ಇಡೀ ಲಿವರ್ ಸುತ್ತಿ ಬಂದಿರುತ್ತದೆ.

ಅಭ್ಯರ್ಥಿಗಳು ಒಬ್ಬಿಬ್ಬರಲ್ಲ. ಲಿವರ್‌ನಲ್ಲಿ ನಕ್ಷತ್ರಾಕಾರದ ಕೋಶಗಳಿವೆ. ಜರ್ಮನಿಯ ಕುಪ್ಫರ್ ಅವನ್ನು 1876ರಲ್ಲೇ ಗುರುತಿಸಿದ್ದ. ಆರೋಗ್ಯವಿದ್ದಾಗ ಅವು ವಿಟಮಿನ್-ಎ ಕೂಡಿಟ್ಟುಕೊಂಡು ತಣ್ಣಗಿರುತ್ತವೆ. ಗಾಯ ಮುಂದುವರಿದರೆ ಟಿಜಿಎಫ್-ಬೀಟಾ ಎಂಬ ಗ್ರೋತ್ ಫ್ಯಾಕ್ಟರ್ ಅವುಗಳ ವೇಷವನ್ನೇ ಬದಲಿಸುತ್ತದೆ. ವಿಟಮಿನ್ ಚೆಲ್ಲಿ, ನಾರು ನೇಯುವ ಕೋಶಗಳಾಗುತ್ತವೆ. ಪಿಡಿಜಿಎಫ್ ಎಂಬ ಇನ್ನೊಂದು ಅವುಗಳ ಸಂಖ್ಯೆ ಹೆಚ್ಚಿಸುತ್ತದೆ. ನಾರು ಹಬ್ಬಿ, ನಡುನಡುವೆ ಗಂಟುಗಳೆದ್ದು ಲಿವರ್ ಗಟ್ಟಿಯಾಗುವುದೇ ಸಿರೋಸಿಸ್. ಹೆಸರಿನಲ್ಲಿ ‘ಗ್ರೋತ್’ ಇದ್ದರೂ ಟಿಜಿಎಫ್-ಬೀಟಾ ಲಿವರ್‌ನ ದುಡಿಯುವ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ, ನಾರನ್ನು ಬೆಳೆಸುತ್ತದೆ. ವಿಇಜಿಎಫ್ ಹೊಸ ರಕ್ತನಾಳಗಳನ್ನು ಎಬ್ಬಿಸುತ್ತದೆ. ಇವೆಲ್ಲ ಕಾಯಿಲೆಯಲ್ಲಿ ಏರುವ ಕಡೆಯವು.

ಇಳಿಯುವುದೂ ಒಂದಿದೆ. ಐಜಿಎಫ್-1 ಎಂಬುದರ ಬಹುಪಾಲನ್ನು ರಕ್ತಕ್ಕೆ ಬಿಡುವುದು ಲಿವರ್. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಗ್ರೋತ್ ಹಾರ್ಮೋನ್ ಕಳಿಸುತ್ತದೆ, ಲಿವರ್ ಅದನ್ನು ಓದಿ ಐಜಿಎಫ್-1 ತಯಾರಿಸುತ್ತದೆ. ಲಿವರ್ ಸೋತಂತೆ ಐಜಿಎಫ್-1 ಕುಸಿಯುತ್ತದೆ. ಸಿರೋಸಿಸ್ ಹೆಚ್ಚಿದಷ್ಟೂ ಈ ಅಂಕಿ ಕೆಳಗಿಳಿಯುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ ಲಿವರ್ ಎಷ್ಟು ಸೋತಿದೆ ಎಂದು ಹೇಳುವ ಹಳೆಯ ಚೈಲ್ಡ್-ಪ್ಯೂ ಅಂಕದ ಜತೆ ಐಜಿಎಫ್-1 ಸೇರಿಸಿ ಲೆಕ್ಕ ಹಾಕುವ ಪ್ರಯತ್ನವೂ ಅಮೆರಿಕದಲ್ಲಿ ನಡೆದಿದೆ.

ಕೇಳಲು ಸೊಗಸಾಗಿದೆ. ಆದರೂ ಕೊರಟಗೆರೆಯಲ್ಲಿರಲಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಸಿರೋಸಿಸ್ ಎಷ್ಟಿದೆ ಎಂದು ತಿಳಿಯಲು ವೈದ್ಯರು ಎಚ್‌ಜಿಎಫ್ ಅಥವಾ ಟಿಜಿಎಫ್ ಪರೀಕ್ಷೆಯನ್ನು ವಾಡಿಕೆಯಲ್ಲಿ ಬರೆದುಕೊಡುವುದಿಲ್ಲ. ಏಕೆ ಎಂಬುದಕ್ಕೆ ಉತ್ತರ ರಕ್ತ ತೆಗೆಯುವ ಮೇಜಿನ ಮೇಲೇ ಇದೆ.

ಟೆಕ್ನಿಷಿಯನ್ ಒಂದೇ ತೋಳಿನಿಂದ ಎರಡು ಟ್ಯೂಬ್ ತುಂಬಿಸುತ್ತಾರೆ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇದೆ. ಕೆಂಪು ಮುಚ್ಚಳದ್ದರಲ್ಲಿ ರಕ್ತ ಅರ್ಧ ಗಂಟೆಯೊಳಗೆ ಗರಣೆ ಕಟ್ಟಿ, ಮೇಲೆ ತಿಳಿ ಹಳದಿ ಸೀರಮ್ ನಿಲ್ಲುತ್ತದೆ. ಗರಣೆ ಕಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮ ಚೀಲ ಬಿಚ್ಚುತ್ತವೆ. ಆ ಚೀಲದಲ್ಲಿ ಇರುವುದೇ ಟಿಜಿಎಫ್-ಬೀಟಾ, ಪಿಡಿಜಿಎಫ್, ವಿಇಜಿಎಫ್. ಗಾಯವಾದಲ್ಲಿ ಸುರಿಯಲೆಂದು ಅವು ಹೊತ್ತು ತಿರುಗುವ ಸಾಮಾನು ಅದು. ಹಾಗಾಗಿ ಕೆಂಪು ಟ್ಯೂಬಿನಲ್ಲಿ ಅಳೆದರೆ ಬರುವ ಅಂಕಿಯಲ್ಲಿ ಲಿವರ್‌ನ ಪಾಲೆಷ್ಟು, ಟ್ಯೂಬಿನೊಳಗೇ ಒಡೆದ ಪ್ಲೇಟ್‌ಲೆಟ್‌ನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ನೇರಳೆ ಟ್ಯೂಬಾದರೂ ಅಲುಗಾಡಿ, ಬಿಸಿಲಲ್ಲಿ ಕಾದು, ಕೊರಟಗೆರೆಯಿಂದ ತುಮಕೂರು, ಅಲ್ಲಿಂದ ಬೆಂಗಳೂರು ಎಂದು ಗಂಟೆಗಟ್ಟಲೆ ಪ್ರಯಾಣ ಮಾಡಿದರೆ ಪ್ಲೇಟ್‌ಲೆಟ್ ಸುಮ್ಮನೆ ಕೂರುವುದಿಲ್ಲ. ಇದರ ಮೇಲೆ ಟಿಜಿಎಫ್-ಬೀಟಾ ರಕ್ತದಲ್ಲಿ ಬಹುಪಾಲು ನಿಷ್ಕ್ರಿಯ ರೂಪದಲ್ಲೇ ಇರುತ್ತದೆ. ಲ್ಯಾಬಿನಲ್ಲಿ ಆಮ್ಲ ಹಾಕಿ ಬಿಡಿಸಿ ಅಳೆಯಬೇಕು. ಎಚ್‌ಜಿಎಫ್ ಕಥೆ ಇನ್ನೊಂದು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟರೆ ಸಾಕು, ರಕ್ತದಲ್ಲಿ ಅದು ಏರುತ್ತದೆ. ಹೃದಯಾಘಾತದಲ್ಲೂ ಏರುತ್ತದೆ. ಏರಿದ ಅಂಕಿ ‘ಎಲ್ಲೋ ರಿಪೇರಿ ನಡೆದಿದೆ’ ಎನ್ನುತ್ತದೆ, ಎಲ್ಲಿ ಎನ್ನುವುದಿಲ್ಲ.

ಐಜಿಎಫ್-1ಕ್ಕೂ ಈ ಸೀಮೆಯಲ್ಲಿ ಒಂದು ತೊಡಕಿದೆ. ವಯಸ್ಸಾದಂತೆ ಅದು ಸಹಜವಾಗಿ ಇಳಿಯುತ್ತದೆ, ಪ್ರೋಟೀನ್ ಸಾಲದ ಊಟದಲ್ಲೂ ಇಳಿಯುತ್ತದೆ. ಬರಗಾಲದ ವರ್ಷದಲ್ಲಿ ಮುದ್ದೆಗೆ ಬರೀ ಉಪ್ಪೆಸರು ನಂಚಿಕೊಂಡು ದಿನ ತಳ್ಳಿದ ಅರವತ್ತು ದಾಟಿದ ಅಜ್ಜಿಯ ಐಜಿಎಫ್-1 ಕಡಿಮೆ ಇದ್ದರೆ, ತಪ್ಪು ಲಿವರ್‌ದೋ ತಟ್ಟೆಯದೋ? ಯುರೋಪಿನ ಆಸ್ಪತ್ರೆಯಲ್ಲಿ ಗೊತ್ತುಮಾಡಿದ ಗಡಿ ಅಂಕಿಯನ್ನು ಪಾವಗಡಕ್ಕೆ ಹಾಗೇ ತರಲಾಗುವುದಿಲ್ಲ.

ಹಾಗೆಂದು ಗ್ರೋತ್ ಫ್ಯಾಕ್ಟರ್‌ಗಳು ತಾಲ್ಲೂಕು ಆಸ್ಪತ್ರೆಗೆ ಬಂದೇ ಇಲ್ಲ ಎನ್ನುವಂತಿಲ್ಲ. ಬಂದಿವೆ, ಬೇರೆ ವೇಷದಲ್ಲಿ. ಡೆಂಗಿಯ ದೆಸೆಯಿಂದ ಪ್ಲೇಟ್‌ಲೆಟ್ ಎಂಬ ಮಾತು ಈಗ ಎಲ್ಲ ಹಳ್ಳಿಗೂ ಗೊತ್ತು. ‘ಎಷ್ಟಿದೆ? ಎಪ್ಪತ್ತು ಸಾವಿರವಾ? ಪರಂಗಿ ಎಲೆ ರಸ ಕೊಡಿ’ ಎಂಬ ಸಲಹೆ ಪಕ್ಕದ ಹಾಸಿಗೆಯಿಂದಲೇ ಬರುತ್ತದೆ. ಆದರೆ ಪ್ಲೇಟ್‌ಲೆಟ್ ಸಂಖ್ಯೆ ಲಿವರ್‌ನ ಕನ್ನಡಿಯೂ ಹೌದೆಂಬುದು ಅಷ್ಟಾಗಿ ಪ್ರಚಾರವಾಗಿಲ್ಲ. ಮೂಳೆಯ ಮಜ್ಜೆಗೆ ‘ಪ್ಲೇಟ್‌ಲೆಟ್ ಮಾಡು’ ಎಂದು ಹೇಳುವ ಗ್ರೋತ್ ಫ್ಯಾಕ್ಟರೇ ಥ್ರಾಂಬೋಪೊಯೆಟಿನ್. 1994ರಲ್ಲಿ ಇದನ್ನು ಹಲವು ತಂಡಗಳು ಒಟ್ಟಿಗೇ ಗುರುತಿಸಿದವು. ಇದು ತಯಾರಾಗುವುದು ಮುಖ್ಯವಾಗಿ ಲಿವರ್‌ನಲ್ಲಿ. ಲಿವರ್ ಬತ್ತಿದರೆ ಈ ಆಜ್ಞೆಯೂ ಬಡವಾಗುತ್ತದೆ. ಜತೆಗೆ, ಕರುಳಿನಿಂದ ಬರುವ ರಕ್ತಕ್ಕೆ ಗಟ್ಟಿಯಾದ ಲಿವರ್ ದಾರಿ ಬಿಡದಿದ್ದಾಗ, ತೂಬು ಕಟ್ಟಿದ ಕೆರೆಯಲ್ಲಿ ಹಿನ್ನೀರು ಏರುವಂತೆ ಒತ್ತಡ ಹಿಂದಕ್ಕೆ ಸರಿದು ಗುಲ್ಮ ಊದುತ್ತದೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ತಯಾರಿ ಕಡಿಮೆ, ಹಿಡಿತ ಹೆಚ್ಚು. ಹೊಸ ಲಿವರ್ ಕಸಿ ಮಾಡಿದ ಮೇಲೆ ಥ್ರಾಂಬೋಪೊಯೆಟಿನ್ ಏರಿ, ಅದರ ಹಿಂದೆಯೇ ಪ್ಲೇಟ್‌ಲೆಟ್ ಏರುವುದನ್ನು ವೈದ್ಯರು ಕಂಡಿದ್ದಾರೆ.

ಸಾವಿರಾರು ರೂಪಾಯಿಯ ಕಿಟ್ ಇಲ್ಲದೆ, ಗ್ರೋತ್ ಫ್ಯಾಕ್ಟರ್ ಒಂದರ ಏರಿಳಿತವನ್ನು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಅಡ್ಡದಾರಿಯಿಂದ ಓದುವ ಉಪಾಯ ಇದು. 2006ರಲ್ಲಿ ಸ್ಟರ್ಲಿಂಗ್ ಮತ್ತು ಸಂಗಡಿಗರು ಇದಕ್ಕೊಂದು ಸೂತ್ರ ಕೊಟ್ಟರು: ಫಿಬ್-4. ವಯಸ್ಸನ್ನು ಎಸ್‌ಜಿಒಟಿ ಎಂಬ ಲಿವರ್ ಎಂಜೈಮಿನ ಅಂಕಿಯಿಂದ ಗುಣಿಸಬೇಕು. ಸಾವಿರಗಳಲ್ಲಿ ಹೇಳಿದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿ ಎಂಬ ಇನ್ನೊಂದು ಎಂಜೈಮಿನ ವರ್ಗಮೂಲದಿಂದ ಗುಣಿಸಿ, ಬಂದದ್ದರಿಂದ ಭಾಗಿಸಬೇಕು. ಉತ್ತರ 1.3ಕ್ಕಿಂತ ಕಡಿಮೆಯಾದರೆ ಹೆಚ್ಚು ನಾರು ಇರುವ ಸಾಧ್ಯತೆ ಕಡಿಮೆ, 2.67 ದಾಟಿದರೆ ಸುಮ್ಮನಿರುವಂತಿಲ್ಲ. ಅರವತ್ತೈದು ದಾಟಿದವರಿಗೆ ಕೆಳಗಿನ ಗಡಿಯನ್ನು 2ಕ್ಕೆ ಏರಿಸಿಕೊಳ್ಳುತ್ತಾರೆ.

ಉದಾಹರಣೆಗೆ 52 ವರ್ಷದ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಎಸ್‌ಜಿಒಟಿ 68, ಎಸ್‌ಜಿಪಿಟಿ 45. ಪ್ಲೇಟ್‌ಲೆಟ್ 2 ಲಕ್ಷ 60 ಸಾವಿರ ಇದ್ದರೆ ಲೆಕ್ಕ ಸುಮಾರು 2ಕ್ಕೆ ನಿಲ್ಲುತ್ತದೆ: ನಡುವಿನ ಜಾಗ, ಇನ್ನೊಂದು ಪರೀಕ್ಷೆ ಬೇಕು. ಎಂಜೈಮುಗಳು ಅವೇ ಇದ್ದು ಪ್ಲೇಟ್‌ಲೆಟ್ ಮಾತ್ರ 1 ಲಕ್ಷ 10 ಸಾವಿರಕ್ಕೆ ಇಳಿದಿದ್ದರೆ ಉತ್ತರ 4.8ರ ಹತ್ತಿರ. ಆಗ ಸಿರೋಸಿಸ್ ಇರಬಹುದೆಂದೇ ಹೆಜ್ಜೆ ಇಡಬೇಕು. ತಮಾಷೆಯೆಂದರೆ ಇಂಥವರ ರಿಪೋರ್ಟಿನಲ್ಲಿ ಎಂಜೈಮುಗಳು ನೋಡಲು ತೀರಾ ಹೆದರಿಸುವಂತಿರುವುದಿಲ್ಲ. ‘ಸ್ವಲ್ಪ ಜಾಸ್ತಿ ಇದೆ, ಎಣ್ಣೆ ಕಡಿಮೆ ಮಾಡಿ’ ಎಂದು ಕಳಿಸಿಬಿಡುವುದು ಸುಲಭ. ರೋಗಿಗೆ ಅದು ಯಾವ ಎಣ್ಣೆ ಎಂಬ ಅನುಮಾನ ಬೇರೆ.

ಸೂತ್ರಕ್ಕೂ ಇತಿಮಿತಿ ಇದೆ. ಮೂವತ್ತೈದರ ಒಳಗಿನವರಲ್ಲಿ ಅದು ಅಷ್ಟು ನೆಚ್ಚಿಕೆಗೆ ಅರ್ಹವಲ್ಲ. ಹೊಸದಾಗಿ ಕಾಮಾಲೆ ಬಂದು ಎಂಜೈಮು ಸಾವಿರ ದಾಟಿದಾಗ ಲೆಕ್ಕ ಹಾಕಬಾರದು. ಡೆಂಗಿ ಬಂದ ವಾರಗಳಲ್ಲಂತೂ ಬೇಡವೇ ಬೇಡ. ಆಗ ಪ್ಲೇಟ್‌ಲೆಟ್ ಇಳಿದಿರುವುದು, ಎಸ್‌ಜಿಒಟಿ ಏರಿರುವುದು ಬೇರೆ ಕಾರಣಕ್ಕೆ. ಜ್ವರ ಬಿಟ್ಟು ಒಂದೆರಡು ತಿಂಗಳಾದ ಮೇಲೂ ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಕೆಳಗೇ ಉಳಿದರೆ ಮಾತ್ರ ಡೆಂಗಿಯನ್ನು ದೂರುವುದು ಬಿಟ್ಟು ಲಿವರ್ ಕಡೆ ತಿರುಗಬೇಕು.

ಸಂಶೋಧಕರು ಈ ಪ್ರೋಟೀನುಗಳ ಕೈ ಬಿಟ್ಟಿಲ್ಲ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಎಲ್‌ಎಫ್ ಎಂಬ ರಕ್ತಪರೀಕ್ಷೆ ಆಜ್ಞೆಗಳನ್ನು ಬಿಟ್ಟು ಅವುಗಳ ಫಲವನ್ನು, ಅಂದರೆ ನಾರು ನೇಯುವಾಗ ರಕ್ತಕ್ಕೆ ಉದುರುವ ಚೂರುಗಳನ್ನು ಅಳೆಯುತ್ತದೆ. ಎಫ್‌ಜಿಎಫ್-21 ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಫ್ಯಾಟಿ ಲಿವರ್‌ನಲ್ಲಿ ಏರಿರುತ್ತದೆ. ಅದನ್ನೇ ಹೋಲುವ ಪ್ರೋಟೀನನ್ನು ಇಂಜೆಕ್ಷನ್ನಾಗಿ ಕೊಟ್ಟು ಕೊಬ್ಬು, ನಾರು ಇಳಿಸುವ ಪ್ರಯೋಗಗಳು ವಿದೇಶಗಳಲ್ಲಿ ನಡೆದಿವೆ. ಗುರುತೆಂದು ಶುರುವಾದದ್ದು ಔಷಧವಾಗಲು ಹೊರಟಿದೆ. ಥ್ರಾಂಬೋಪೊಯೆಟಿನ್ನಿನ ಕೆಲಸ ಮಾಡುವ ಮಾತ್ರೆ ಆಗಲೇ ಬಂದಿದೆ. ಸಿರೋಸಿಸ್ ಇದ್ದವರಿಗೆ ಹಲ್ಲು ಕೀಳುವುದೋ ಇನ್ನೊಂದೋ ಚಿಕಿತ್ಸೆ ಮಾಡುವ ಮುನ್ನ ಪ್ಲೇಟ್‌ಲೆಟ್ ಏರಿಸಲು 2018ರಿಂದ ಅವಾಟ್ರಾಂಬೋಪ್ಯಾಗ್ ಬಳಕೆಯಲ್ಲಿದೆ.

ಅಷ್ಟು ದೂರ ಹೋಗದೆಯೂ ಈಗಲೇ ಆಗುವ ಕೆಲಸ ಉಂಟು. ಪ್ಲೇಟ್‌ಲೆಟ್ ಇರುವುದು ಸಿಬಿಸಿ ಎಂಬ ಹಾಳೆಯಲ್ಲಿ, ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ ಇರುವುದು ಎಲ್‌ಎಫ್‌ಟಿ ಎಂಬ ಇನ್ನೊಂದು ಹಾಳೆಯಲ್ಲಿ, ವಯಸ್ಸು ಎರಡರ ಮೇಲೂ ಇದೆ. ಶುಗರ್ ಮಾತ್ರೆ ಒಯ್ಯಲು ತಿಂಗಳು ತಿಂಗಳು ಬರುವವರ, ಕುಡಿತವಿದೆಯೆಂದು ಒಪ್ಪಿಕೊಂಡವರ ಎರಡು ಹಾಳೆಗಳನ್ನು ಒಟ್ಟಿಗಿಟ್ಟು ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಗುಣಿಸಿದರೆ ಮುಗಿಯಿತು. ಅಂಕಿ ಏರಿದವರಿಗೆ ಹೆಪಟೈಟಿಸ್-ಬಿ, ಸಿ ಪರೀಕ್ಷೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇವುಗಳ ಔಷಧ ಉಚಿತ, ಸಿ ವೈರಸ್ ಆದರೆ ಹೆಚ್ಚಿನವರಿಗೆ ಹನ್ನೆರಡು ವಾರದ ಮಾತ್ರೆಯಲ್ಲೇ ವಾಸಿ. ಮುಂದಿನ ಮೆಟ್ಟಿಲು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಹೊರಗಿನಿಂದಲೇ ತಟ್ಟಿ ನೋಡುವ ಫೈಬ್ರೋಸ್ಕ್ಯಾನ್. ಅದರ ಅಂಕಿ 20 ಕಿಲೋಪಾಸ್ಕಲ್‌ಗಿಂತ ಕೆಳಗಿದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿದ್ದರೆ ಎಂಡೋಸ್ಕೋಪಿಯನ್ನು ಸದ್ಯಕ್ಕೆ ಮುಂದೂಡಬಹುದು ಎಂದು 2015ರಲ್ಲಿ ಇಟಲಿಯ ಬವೇನೋದಲ್ಲಿ ಸೇರಿದ ತಜ್ಞರು ಒಪ್ಪಿಕೊಂಡರು. ಹಾಗಿಲ್ಲದಿದ್ದರೆ ಅನ್ನನಾಳದಲ್ಲಿ ಊದಿದ ರಕ್ತನಾಳಗಳಿವೆಯೇ ಎಂದು ನೋಡಲೇಬೇಕು. ಸಣ್ಣವಿದ್ದಾಗಲೇ ಸಿಕ್ಕರೆ ಮಾತ್ರೆಯಲ್ಲಿ ಒತ್ತಡ ಇಳಿಸುತ್ತಾರೆ, ದೊಡ್ಡವಿದ್ದರೆ ಬ್ಯಾಂಡ್ ಹಾಕಿ ಕಟ್ಟುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಗೆ ಹೋಗುವವರು ಸಿಬಿಸಿ, ಎಲ್‌ಎಫ್‌ಟಿ ಎರಡರ ಹಳೆಯ ಹಾಳೆಗಳನ್ನೂ ಒಯ್ಯುವುದು ಒಳ್ಳೆಯದು; ಪ್ಲೇಟ್‌ಲೆಟ್ ಇವತ್ತು ಎಷ್ಟಿದೆ ಎಂಬುದರಷ್ಟೇ, ಮೂರು ವರ್ಷದ ಹಿಂದೆ ಎಷ್ಟಿತ್ತು ಎಂಬುದೂ ಅಲ್ಲಿನ ವೈದ್ಯರಿಗೆ ಬೇಕಾಗುತ್ತದೆ.